ವಿಚ್ಛೇದನದ ನಂತರ, 45 ದಾಟಿದ ಮೇಲೆ ಕೊಡಗಿನಲ್ಲಿ ಗೃಹಸಾಲ

ಮೊದಲು ನೋಡಬೇಕಾದದ್ದು ಹೊಸ ಸಾಲವಲ್ಲ, ಹಳೆಯದು. 'ಮನೆ ಸಾಲದ ಕಂತನ್ನು ಗಂಡನೇ ಕಟ್ಟತಕ್ಕದ್ದು' ಎಂದು ತೀರ್ಪಿನಲ್ಲಿ ಬರೆದಿದ್ದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಕರಾರಿಗೆ ಇಬ್ಬರೂ ಸಹಿ ಹಾಕಿದ್ದರೆ ಇಬ್ಬರೂ ಬಾಕಿದಾರರೇ. ಆ ಕಡೆಯವರು ಎರಡು ಕಂತು ತಪ್ಪಿಸಿದರೆ ಸಿಬಿಲ್ ಅಂಕ, ಅಂದರೆ ಸಾಲ ತೀರಿಸಿದ ಚರಿತ್ರೆಗೆ ಸಿಗುವ ಅಂಕ, ನಿಮ್ಮದೂ ಇಳಿಯುತ್ತದೆ. ಅವರು ತಪ್ಪದೆ ಕಟ್ಟುತ್ತಿದ್ದರೂ ಆ ಸಾಲ ನಿಮ್ಮ ಹೆಸರಿನಲ್ಲೇ ಕಾಣುವುದರಿಂದ ಹೊಸ ಸಾಲದ ಅರ್ಹತೆ ಕುಗ್ಗುತ್ತದೆ.

ಸಾಲದ ದಾಖಲೆ ಇಡುವ ಸಂಸ್ಥೆಗಳಾದ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ತರಿಸಿಕೊಂಡು ಜಂಟಿ ಸಾಲ, ಜಾಮೀನು ನಿಂತ ಸಾಲ, ಆ್ಯಡ್-ಆನ್ ಕ್ರೆಡಿಟ್ ಕಾರ್ಡ್ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಜಂಟಿ ಸಾಲದಿಂದ ಹೊರಬರಲು ದಾರಿ ಮುಖ್ಯವಾಗಿ ಮೂರು: ಮನೆ ಮಾರಿ ಸಾಲ ತೀರಿಸುವುದು, ಮನೆ ಉಳಿಸಿಕೊಳ್ಳುವವರು ಒಬ್ಬರೇ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿಕೊಳ್ಳುವುದು, ಇಲ್ಲವೇ ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ಹೆಸರು ತೆಗೆಸುವುದು. ಮೂರನೆಯದು ಕೇಳಲು ಸುಲಭ. ಆದರೆ ಉಳಿಯುವವರ ಒಬ್ಬರ ಆದಾಯಕ್ಕೆ ಸಾಲ ಹೊಂದುತ್ತದೆಯೇ ಎಂದು ಬ್ಯಾಂಕ್ ಮೊದಲಿನಿಂದ ಲೆಕ್ಕ ಹಾಕುತ್ತದೆ, ಅರ್ಜಿ ಬೀಳುವುದು ಅಲ್ಲೇ. ಸಾಲ ಮುಗಿದ ಮೇಲೂ ವರದಿಯಲ್ಲಿ ಚಾಲ್ತಿ ಎಂದೇ ತೋರಿಸುತ್ತಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವಿದೆ.

ಇನ್ನೂ ಅಂತಿಮ ತೀರ್ಪು ಬಂದಿಲ್ಲವೇ? ಹಾಗಾದರೆ ಆಸ್ತಿ ವರ್ಗಾವಣೆಗೆ ಇದೇ ಹೊತ್ತು. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಕುಟುಂಬದ ರಿಯಾಯಿತಿ ಮುದ್ರಾಂಕ ಶುಲ್ಕವಿದೆ. ತೀರ್ಪು ಬಂದ ಮರುದಿನ ನೀವು ಕುಟುಂಬವಲ್ಲ, ಪೂರ್ತಿ ಶುಲ್ಕ ಬೀಳುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿಯಾದರೆ ಮಧ್ಯೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಅಡಮಾನದಲ್ಲಿರುವ ಮನೆಯಾದರೆ ದಾನಪತ್ರಕ್ಕೆ ಮೊದಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು.

ವಯಸ್ಸಿನ ಲೆಕ್ಕ

ಸಂಬಳದವರ ಸಾಲ ನಿವೃತ್ತಿಯೊಳಗೆ ಮುಗಿಯಲಿ ಎಂದು ಬಹುತೇಕ ಬ್ಯಾಂಕುಗಳು ನೋಡುತ್ತವೆ. 48ರ ಸರ್ಕಾರಿ ನೌಕರರಿಗೆ ಅಂದರೆ 12 ವರ್ಷ. ಶೇ 8.5 ಬಡ್ಡಿಗೆ 20 ಲಕ್ಷದ ಕಂತು 20 ವರ್ಷಕ್ಕಾದರೆ ಸುಮಾರು 17,360 ರೂಪಾಯಿ, 12 ವರ್ಷಕ್ಕೆ 22,200. ಕೈಗೆ 50,000 ಬರುವವರಿಗೆ ಅರ್ಧದಷ್ಟು, ಅಂದರೆ 25,000 ಕಂತಿಗೆ ಹೋಗಬಹುದೆಂದು ಇಟ್ಟುಕೊಳ್ಳಿ: ಸಾಲ 22.5 ಲಕ್ಷ. ಅದೇ ವ್ಯಕ್ತಿ ತಿಂಗಳಿಗೆ 10,000 ಜೀವನಾಂಶ ಕೊಡುತ್ತಿದ್ದರೆ ಉಳಿಯುವುದು 15,000, ಸಾಲ 13.5 ಲಕ್ಷಕ್ಕೆ ಇಳಿಯಿತು.

ಜೀವನಾಂಶ ಪಡೆಯುವವರ ಕಥೆಯೂ ಸುಲಭದ್ದಲ್ಲ. ಅದನ್ನು ಆದಾಯವೆಂದು ಒಪ್ಪಿಸಲು ಕೋರ್ಟ್ ಆದೇಶ, ಪ್ರತಿ ತಿಂಗಳೂ ಖಾತೆಗೆ ಜಮೆಯಾದ ದಾಖಲೆ ಎರಡೂ ಬೇಕು. ಕೈಯಲ್ಲಿ ನಗದು ತೆಗೆದುಕೊಂಡದ್ದಕ್ಕೆ ಬೆಲೆಯಿಲ್ಲ. ಮಕ್ಕಳಿಗೆಂದು ಬರುವುದು ಅವರು ದೊಡ್ಡವರಾದಾಗ ನಿಲ್ಲುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ದುಡಿಯುವ ಮಗ, ಮಗಳು ಜೊತೆಗೆ ಸಹಿ ಹಾಕಿದರೆ ಅವಧಿ ಉದ್ದವಾಗಬಹುದು. ಆದರೆ ನಾಳೆ ಅವರೇ ಮನೆ ಕಟ್ಟಲು ಹೊರಟಾಗ ಈ ಸಾಲ ಅವರ ತಲೆಯ ಮೇಲಿರುತ್ತದೆ.

ಕಾಫಿಯ ಆದಾಯ ತೋರಿಸುವವರು ಮೂರು ವರ್ಷದ ಮಾರಾಟದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಕೃಷಿ ಆದಾಯ ನಮೂದಿಸಿದ ಆದಾಯ ತೆರಿಗೆ ರಿಟರ್ನ್ ಇಟ್ಟುಕೊಳ್ಳಿ. ಕೊಯ್ಲಿನ ಹಣ ವರ್ಷಕ್ಕೊಮ್ಮೆ, ಕಂತು ತಿಂಗಳು ತಿಂಗಳು. ಆರು ತಿಂಗಳ ಅಥವಾ ವಾರ್ಷಿಕ ಕಂತಿಗೆ ಅವಕಾಶವಿದೆಯೇ ಎಂದು ಅರ್ಜಿಗೆ ಮೊದಲೇ ಕೇಳಿ. ಹೋಂಸ್ಟೇಯ ಆದಾಯವೂ ನೋಂದಣಿ, ರಿಟರ್ನ್ ಇಲ್ಲದಿದ್ದರೆ ಸೊನ್ನೆ.

ಜಾಗದ ಕಾಗದ

ಕೊಡಗಿನಲ್ಲಿ ಹೆಚ್ಚಿನ ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲಿ. ವಿಚ್ಛೇದನದ ನಂತರ ತವರಿನವರು 'ನಮ್ಮ ಜಾಗದಲ್ಲೇ ಒಂದು ಮನೆ ಕಟ್ಟಿಕೋ' ಎನ್ನುತ್ತಾರೆ. ಪ್ರೀತಿಯ ಮಾತೇನೋ ಸರಿ, ಆದರೆ ಜಾಗ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಆಗಿದ್ದು ಪಹಣಿಯಲ್ಲಿ ಕುಟುಂಬದ ಮುಖ್ಯಸ್ಥರಾದ ಪಟ್ಟೆದಾರರ ಹೆಸರು, ಒಕ್ಕದ (ಮನೆತನದ) ಹತ್ತಾರು ಹೆಸರು ಒಟ್ಟಿಗೆ ಇದ್ದರೆ ಬ್ಯಾಂಕ್ ಅದನ್ನು ಅಡಮಾನಕ್ಕೆ ಹಿಡಿಯದು. ಯಾರ ಪಾಲು ಎಲ್ಲಿದೆಯೆಂದೇ ಗೊತ್ತಿಲ್ಲದ ಜಾಗವನ್ನು ನಾಳೆ ಹರಾಜು ಹಾಕುವುದು ಹೇಗೆ? ಬಾಣೆ, ಅಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗದಲ್ಲೂ ಹಕ್ಕಿನ ಪ್ರಶ್ನೆ ಬರುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಸುತ್ತಲಿನ ಜಾಗವಂತೂ ಬೇಡವೇ ಬೇಡ.

ಕ್ರಮ ಹೀಗೆ. ಮೊದಲು ನೋಂದಾಯಿತ ಪಾಲುಪತ್ರ. ಜಾಗ ಈಗಾಗಲೇ ಅಣ್ಣತಮ್ಮಂದಿರ ಸ್ವಂತ ಹೆಸರಿಗಿದ್ದರೆ ದಾನಪತ್ರ, ಒಡಹುಟ್ಟಿದವರಿಗೂ ರಿಯಾಯಿತಿ ಶುಲ್ಕವಿದೆ. ಆಮೇಲೆ ಸರ್ವೆ ಮಾಡಿಸಿ ಪೋಡಿ (ನಿಮ್ಮ ಪಾಲನ್ನು ದಾಖಲೆಯಲ್ಲಿ ಬೇರ್ಪಡಿಸುವುದು), ನಿಮ್ಮ ಒಬ್ಬರ ಹೆಸರಿಗೆ ಪಹಣಿ. ಬಳಿಕ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ. ಕೊನೆಗೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತು ನಮೂನೆ 9 ಮತ್ತು 11ಎ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಕೈಯಲ್ಲಿಟ್ಟುಕೊಂಡು ಬಂದವರನ್ನು ಬಹುತೇಕ ಬ್ಯಾಂಕುಗಳು ವಾಪಸ್ ಕಳಿಸುತ್ತವೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸವಿದು, ಸಾಲದ ಅರ್ಜಿಯ ಜೊತೆಗೆ ಶುರು ಮಾಡುವಂಥದ್ದಲ್ಲ.

ಪಹಣಿಯ 11ನೇ ಕಾಲಂ ಓದದೆ ಯಾವ ಜಾಗಕ್ಕೂ ಮುಂಗಡ ಕೊಡಬೇಡಿ. ಸಹಕಾರ ಸಂಘದ ಬೆಳೆಸಾಲದ ಋಣ ಅಲ್ಲೇ ಕೂತಿರುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ, 30 ವರ್ಷದ್ದಾದರೆ ವಕೀಲರ ಪ್ರಶ್ನೆ ಕಡಿಮೆಯಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಮೇಲೆ ಇಳಿಜಾರಿನ ಜಾಗವನ್ನು ಮೌಲ್ಯಮಾಪಕರು ಸುಮ್ಮನೆ ಬಿಡುವುದಿಲ್ಲ. ಗುಡ್ಡದ ಬರೆ ಕಡಿದು ಮಾಡಿದ ಸೈಟಾದರೆ ತಡೆಗೋಡೆಯ ಖರ್ಚನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸಿ. ವಿಮೆ ಮಾಡಿಸುವಾಗ 'ಭಾರತ್ ಗೃಹ ರಕ್ಷಾ' ಕೇಳಿ, ಅದರಲ್ಲಿ ಭೂಕುಸಿತವೂ ಬರುತ್ತದೆ.

ಹೆಸರು ಸಣ್ಣ ವಿಷಯವೆನಿಸಬಹುದು. ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು, ಪಾನ್‌ನಲ್ಲಿ ತವರಿನದು, ಪಹಣಿಯಲ್ಲಿ ಬರೀ ಇನಿಷಿಯಲ್ ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಯಾವ ಹೆಸರು ಉಳಿಸಿಕೊಳ್ಳುತ್ತೀರೆಂದು ತೀರ್ಮಾನಿಸಿ ಮೊದಲು ಆಧಾರ್, ಪಾನ್ ಒಂದು ಮಾಡಿ. ಉಳಿದದ್ದಕ್ಕೆ 'ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್ ಸಾಕಾಗಬಹುದು. ತೀರ್ಪಿನ ದೃಢೀಕೃತ ನಕಲು ಮೂರ್ನಾಲ್ಕು ತೆಗೆದಿಟ್ಟುಕೊಳ್ಳಿ, ಜೆರಾಕ್ಸ್ ನಡೆಯದು.

ಕೈಯಿಂದ ಹಾಕುವ ಹಣ

30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90, ಅದರ ಮೇಲೆ 75 ಲಕ್ಷದವರೆಗೆ ಶೇ 80 ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. 25 ಲಕ್ಷದ ಮನೆಗೆ ಹೆಚ್ಚೆಂದರೆ 22.5 ಲಕ್ಷ ಸಿಕ್ಕೀತು. ನೋಂದಣಿ ಖರ್ಚು ಇದರೊಳಗೆ ಬರುವುದಿಲ್ಲ. ಶೇ 5 ಮುದ್ರಾಂಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6ರ ಹತ್ತಿರ, ಅಂದರೆ 1.9 ಲಕ್ಷ. ಒಟ್ಟು 4.4 ಲಕ್ಷ ನಿಮ್ಮದೇ ಬೇಕು. ಒಂದೇ ಗಂಟಾಗಿ ಬಂದ ಜೀವನಾಂಶದ ಹಣವಿದ್ದರೆ ಅದಕ್ಕೆ ಸರಿಯಾದ ಜಾಗ ಇದು, ಆದರೆ ಆರು ತಿಂಗಳ ಕಂತಿನಷ್ಟನ್ನು ಮುಟ್ಟದೆ ಇಡಿ.

ಸಾಲದ ಜೊತೆ ಒಂದೇ ಕಂತಿನ ಜೀವವಿಮೆಯನ್ನು ಅಂಟಿಸಲು ನೋಡುತ್ತಾರೆ. ಅದು ಕಡ್ಡಾಯವಲ್ಲ.

ಕಟ್ಟುವ ಮನೆಯಾದರೆ ಹಣ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ, ಬಿಡುಗಡೆಯಾದಷ್ಟಕ್ಕೆ ಬಡ್ಡಿ ಆ ತಿಂಗಳಿನಿಂದಲೇ ಓಡುತ್ತದೆ. ಮೇ ತಿಂಗಳಲ್ಲಿ ಪಾಯದ ಹಣ ಎತ್ತಿದರೆ ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಂತು, ಹೊರಗೆ ಬಾಡಿಗೆ, ಇಲ್ಲಿ ಬಡ್ಡಿ ಎರಡನ್ನೂ ಕಟ್ಟಬೇಕಾಗುತ್ತದೆ. ಮಂಜೂರಾತಿ ಮಳೆಯಲ್ಲೇ ಆಗಲಿ. ಮೊದಲ ಕಂತಿನ ಹಣ ಅಕ್ಟೋಬರ್ ಕೊನೆಗೆ ಎತ್ತಿ.