ಆಟಿಯಲ್ಲಿ ಸ್ಪೋರ್ಟ್ಸ್ ಕಾರು ಮಾರಲು ಹೋಗಬೇಡಿ

ಕಾರು ಮಾರುತ್ತೇನೆಂದು ನಾನು ಮೊದಲು ಬಾಯಿಬಿಟ್ಟದ್ದು ಕಳೆದ ವರ್ಷ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳುವರ ಮಳೆಯ ತಿಂಗಳಲ್ಲಿ. ಸುರತ್ಕಲ್‌ನಲ್ಲಿ ಹುಟ್ಟಿದವರಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಹೆಂಡತಿ ಕೇಳಿದಳು. ಆಟಿಯಲ್ಲಿ ನಮ್ಮವರು ಹೊಸ ಪೊರಕೆ ತರಲೂ ಹಿಂದೆಮುಂದೆ ನೋಡುತ್ತಾರೆ. ಬಟ್ಟೆಯ ಚಾವಣಿಯ, ಎರಡೇ ಸೀಟಿನ ಕಾರನ್ನು ಧೋ ಎಂದು ಸುರಿಯುವ ಮಳೆಯಲ್ಲಿ ಯಾರು ಬಂದು ನೋಡುತ್ತಾರೆ? ಮೂರು ವಾರದಲ್ಲಿ ನಾಲ್ಕು ಕರೆ ಬಂತು. ಮೂವರು ‘ಲಾಸ್ಟ್ ಎಷ್ಟು?’ ಎಂದು ಕೇಳಿ ಫೋನಿಟ್ಟರು. ನಾಲ್ಕನೆಯವರು ವಿಮೆ ಮಾರುವವರು.

ನವರಾತ್ರಿ ಹತ್ತಿರವಾದಾಗ ಮತ್ತೆ ಜಾಹೀರಾತು ಹಾಕಿದೆ. ದೀಪಾವಳಿ ಕಳೆದು ಹತ್ತು ದಿನಕ್ಕೆ ವ್ಯಾಪಾರ ಮುಗಿಯಿತು. ಹಾಗಾಗಿ ಮೊದಲ ಮಾತು: ಕರಾವಳಿಯಲ್ಲಿ ಇಂಥ ಕಾರು ಮಾರುವುದಿದ್ದರೆ ಮಳೆಗಾಲದಲ್ಲಿ ಕಾಗದಪತ್ರ ಸರಿಮಾಡಿಕೊಳ್ಳಿ, ಕಾರನ್ನು ಮಳೆ ಬಿಟ್ಟ ಮೇಲೆ ತೋರಿಸಿ.

ನನ್ನದು 2017ರ ಪೋರ್ಶೆ 718 ಬಾಕ್ಸ್‌ಸ್ಟರ್. ಹಳದಿ ಬಣ್ಣ, ಕೆಎ-19 ನೋಂದಣಿ, ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್, 38,400 ಕಿಲೋಮೀಟರ್ ಓಡಿದ್ದು. ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದವನು ನಿವೃತ್ತಿಯ ಹೊತ್ತಿಗೆ ಮಾಡಿಕೊಂಡ ಒಂದೇ ದುಂದುವೆಚ್ಚ ಇದು. ಅದರಿಂದ ಏಳುವಾಗ ಬಾಗಿಲು ಹಿಡಿದುಕೊಳ್ಳಬೇಕಾಗಿ ಬಂದ ದಿನ ಮಾರುವುದೆಂದು ತೀರ್ಮಾನಿಸಿದೆ.

ಎಕ್ಸ್‌ಚೇಂಜಿಗೆ ಕೊಡುವುದೋ, ನೇರವಾಗಿ ಮಾರುವುದೋ? ಬೆಂಗಳೂರಿನ ಇಬ್ಬರು ವ್ಯಾಪಾರಿಗಳು 52 ಲಕ್ಷ ಮತ್ತು 54.5 ಲಕ್ಷ ಹೇಳಿದರು. ಕೊನೆಗೆ ನನಗೆ ಸಿಕ್ಕಿದ್ದು 61 ಲಕ್ಷ. ನಡುವಿನ ಆರೂವರೆ ಲಕ್ಷ ಮೋಸವೇನಲ್ಲ. ಕಾರನ್ನು ಸರಿಮಾಡಿಸುವ ಖರ್ಚು, ಆರು ತಿಂಗಳು ಕಾರಿನಲ್ಲಿ ಹಣ ಕಟ್ಟಿಹಾಕಿಕೊಂಡು ಕೂರುವ ನಷ್ಟ, ಅವರ ಲಾಭ ಎಲ್ಲವೂ ಅದರಲ್ಲಿ ಸೇರಿದೆ. ಅದನ್ನು ಉಳಿಸಲು ನಾನು ನಾಲ್ಕು ತಿಂಗಳು ಒದ್ದಾಡಿದೆ. ಪುರುಸೊತ್ತಿಲ್ಲದವರು ಎಕ್ಸ್‌ಚೇಂಜಿಗೆ ಕೊಡುವುದೇ ಮೇಲು. ಆದರೆ ಹೊಸ ಕಾರಿನ ರಿಯಾಯಿತಿಯನ್ನೂ ಹಳೆಯದರ ಬೆಲೆಯನ್ನೂ ಬೇರೆ ಬೇರೆ ಬರೆದುಕೊಡುವಂತೆ ಕೇಳಿ. ಎರಡನ್ನೂ ಒಂದೇ ಅಂಕಿಯಲ್ಲಿ ಕಲಸಿ ಹೇಳಿದರೆ ಯಾವುದರಲ್ಲಿ ಕೊಟ್ಟು ಯಾವುದರಲ್ಲಿ ಕಿತ್ತುಕೊಂಡರೆಂದು ಗೊತ್ತಾಗುವುದಿಲ್ಲ. ಹಳೆಯ ಕಾರು ಕೊಟ್ಟದ್ದಕ್ಕೆ ರಸ್ತೆ ತೆರಿಗೆ ಕಡಿಮೆಯಾಗುತ್ತದೆಂದೂ ಎಣಿಸಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ 18 ಶೇಕಡಾ ಜೀವಿತಾವಧಿ ತೆರಿಗೆ, ಮೇಲೆ ಸೆಸ್. ಅದನ್ನು ಹೊಸ ಕಾರಿನ ಪೂರ್ತಿ ಬೆಲೆಯ ಮೇಲೆ ಲೆಕ್ಕಹಾಕುತ್ತಾರೆ.

ಕಾರನ್ನು ವ್ಯಾಪಾರಿಯ ಅಂಗಳದಲ್ಲಿ ನಿಲ್ಲಿಸಿ ಕಮಿಷನ್ ಮೇಲೆ ಮಾರಿಸುವ ದಾರಿಯೂ ಇದೆ. ಹಾಗೆ ಬಿಡುವುದಾದರೆ ಅವರ ಬಳಿ ಸಾರಿಗೆ ಇಲಾಖೆಯ ಅಧಿಕಾರಪತ್ರ, ಅಂದರೆ ಫಾರಂ 29ಬಿ, ಇದೆಯೇ ನೋಡಿ. ಕೀಲಿ ಕೊಡುವಾಗಲೇ ವಾಹನ ನೋಂದಣಿಯ ಸರ್ಕಾರಿ ಜಾಲತಾಣವಾದ ವಾಹನ್ ಪೋರ್ಟಲ್‌ನಲ್ಲಿ, ಕಾರನ್ನು ಅವರಿಗೆ ಒಪ್ಪಿಸಿದ್ದೇನೆಂದು ತಿಳಿಸುವ ಫಾರಂ 29ಸಿ ದಾಖಲಿಸಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಆಮೇಲೆ ಕಾರಿನ ಹೊಣೆ ವ್ಯಾಪಾರಿಯದು. ಅದಿಲ್ಲದೆ ಬಿಟ್ಟರೆ, ಯಾರೋ ರಾತ್ರಿ ಪಣಂಬೂರಿಗೆ ಸವಾರಿ ಹೊರಟು ಗುದ್ದಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ.

ನೇರವಾಗಿ ಮಾರುತ್ತೇನೆ ಎನ್ನುವವರಿಗೆ ನನ್ನ ಮುಖ್ಯ ಸಲಹೆ ಇದು: ಕಾರಿನ ಅಡಿಯನ್ನು ತೋರಿಸಿ. ಮೇಲಿನ ಹೊಳಪು ಎಲ್ಲರ ಕಾರಿನಲ್ಲೂ ಇರುತ್ತದೆ. ಮಂಗಳೂರಿನ ಕಾರೆಂದರೆ ಘಟ್ಟದ ಮೇಲಿನವರಿಗೆ ಒಂದೇ ಭಯ, ಉಪ್ಪುಗಾಳಿ. ಅವರು ಕೇಳುವ ಮೊದಲೇ ನೀವು ಉತ್ತರ ಕೊಟ್ಟಿರಬೇಕು. ಕೂಳೂರಿನ ಒಂದು ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೆ ಏರಿಸಿ, ಹೊಟ್ಟೆಯ ಪ್ಲಾಸ್ಟಿಕ್ ಹಲಗೆಗಳನ್ನು ಬಿಚ್ಚಿಸಿ, ನಲವತ್ತೆರಡು ಫೋಟೊ ತೆಗೆದೆ. ಕಬ್ಬಿಣ ಕೆಂಪಾಗುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿ ಬಿಡುತ್ತದೆ. ಎರಡನ್ನೂ ಹಡಗಿನಲ್ಲಿ ಮೂವತ್ತು ವರ್ಷ ಉಜ್ಜಿದವನು ನಾನು. ಸೈಲೆನ್ಸರಿನ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು, ಅದರ ಫೋಟೊವನ್ನೂ ಸೇರಿಸಿದೆ. ಒಂದು ಕುಂದನ್ನು ನೀವೇ ತೋರಿಸಿದರೆ ಉಳಿದದ್ದನ್ನು ಜನ ನಂಬುತ್ತಾರೆ.

ಇನ್ನೊಂದು. ತಣ್ಣೀರುಬಾವಿಯ ಮರಳಿನಲ್ಲಿ ಕಾರು ನಿಲ್ಲಿಸಿ, ಹಿಂದೆ ಸೂರ್ಯಾಸ್ತ ಇಟ್ಟುಕೊಂಡು ಫೋಟೊ ತೆಗೆಯಬೇಡಿ. ನಮ್ಮೂರ ಹುಡುಗರೆಲ್ಲ ಅದನ್ನೇ ಮಾಡುತ್ತಾರೆ. ಕೊಳ್ಳುವವನಿಗೆ ಸೂರ್ಯ ಕಾಣಿಸುವುದಿಲ್ಲ, ಉಪ್ಪು ಕಾಣಿಸುತ್ತದೆ. ನಾನು ಮನೆಯ ಕೆಂಪುಕಲ್ಲಿನ ಕಂಪೌಂಡಿನ ಮುಂದೆ ಬೆಳಿಗ್ಗೆ ಏಳು ಗಂಟೆಗೆ ತೆಗೆದೆ. ಹಳದಿ ಕಾರಿಗೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗದು.

ಮಡಚುವ ಚಾವಣಿಯ ಕಾರಾದರೆ ನೀರು ಹರಿದುಹೋಗುವ ತೂತುಗಳನ್ನು ಶುಚಿಮಾಡಿ. ಚಾವಣಿಯನ್ನು ಅರ್ಧ ತೆರೆದು ನಿಲ್ಲಿಸಿದರೆ ಹಿಂಬದಿಯ ಎರಡು ಮೂಲೆಗಳಲ್ಲಿ ಅವು ಸಿಗುತ್ತವೆ. ನಮ್ಮ ಅಂಗಳದಲ್ಲಿ ಮಾವಿನ ಮರವಿದೆ. ಹೂ ಉದುರಿ, ಧೂಳಿನೊಡನೆ ಸೇರಿ, ಮೊದಲ ಮಳೆಗೆ ಕೆಸರಾಗಿ ತೂತನ್ನು ಮುಚ್ಚುತ್ತದೆ. ಆಮೇಲೆ ನೀರು ಸೀಟಿನ ಅಡಿಗೆ ಇಳಿಯುತ್ತದೆ. ಕಾರ್ಪೆಟ್ ಒದ್ದೆಯಾದರೆ ಒಣಗಿಸಬಹುದು, ಎಲೆಕ್ಟ್ರಾನಿಕ್ ಪೆಟ್ಟಿಗೆ ಒದ್ದೆಯಾದರೆ ಜೇಬು ಒಣಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಿಧಾನವಾಗಿ ತೂರಿಸಿ ಆಡಿಸಿ, ಒಂದು ಲೋಟ ನೀರು ಹೊಯ್ಯಿರಿ. ಕಾರಿನ ಅಡಿಯಿಂದ ನೆಲಕ್ಕೆ ನೀರು ಬಿದ್ದರೆ ಸರಿ. ಇದನ್ನು ಕೊಳ್ಳಲು ಬಂದವರ ಎದುರಿಗೇ ಮಾಡಿ ತೋರಿಸಿದೆ. ನಲವತ್ತೆರಡು ಫೋಟೊ ಮಾಡದ ಕೆಲಸವನ್ನು ಆ ಒಂದು ಲೋಟ ನೀರು ಮಾಡಿತು. ಚರ್ಮದ ಸೀಟಿನಲ್ಲಿ ಬೂಷ್ಟಿನ ವಾಸನೆ ಇದ್ದರೆ ಸುಗಂಧ ಸಿಂಪಡಿಸಿ ಮುಚ್ಚಬೇಡಿ, ಚಾವಣಿ ತೆರೆದು ನಾಲ್ಕು ದಿನ ಬಿಸಿಲಿನ ಬೆಳಗಿನಲ್ಲಿ ನಿಲ್ಲಿಸಿ.

ಮಾರುವ ಮೊದಲು ಹೊಸ ಟೈರು ಹಾಕಿಸಬೇಕೇ? ಬೇಡ. ಟೈರಿನ ಮೇಲೆ ನಾಲ್ಕಂಕಿಯ ದಿನಾಂಕ ಇರುತ್ತದೆ, 2319 ಎಂದರೆ 2019ರ ಇಪ್ಪತ್ಮೂರನೆಯ ವಾರ. ಹಳೆಯದಾಗಿದ್ದರೆ ಹಾಗೆಂದು ಹೇಳಿ ಬೆಲೆಯಲ್ಲಿ ಬಿಡಿ. ಹೊಸಬರಿಗೆ ಅವರದ್ದೇ ಆಯ್ಕೆ ಇರುತ್ತದೆ. ಬ್ಯಾಟರಿ ಮಾತ್ರ ಬದಲಿಸಿ. ಅದು ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ ಶುರುವಾಗುತ್ತದೆ, ನೋಡಲು ಬಂದವರು ಅಲ್ಲಿಂದಲೇ ಹಿಂದಿರುಗುತ್ತಾರೆ.

ಕಾರಿನ ಫೈಲು ದಪ್ಪವಿರಲಿ: ಮೂಲ ಇನ್‌ವಾಯ್ಸ್, ಪ್ರತಿ ಸರ್ವಿಸಿನ ಬಿಲ್ಲು, ಎರಡೂ ಕೀಲಿ. ಪೋರ್ಶೆಯವರ 111 ಅಂಶಗಳ ತಪಾಸಣೆಗೆ ಶಿರಾಡಿ ಘಾಟಿ ಹತ್ತಿಸಿ ಕಾರನ್ನು ಬೆಂಗಳೂರಿಗೆ ಕಳುಹಿಸಿದೆ. ಎಂಜಿನನ್ನು ಮಿತಿ ಮೀರಿ ಎಷ್ಟು ಸಲ ತಿರುಗಿಸಲಾಗಿದೆ ಎಂಬುದು ಅದರ ಕಂಪ್ಯೂಟರಿನಲ್ಲಿ ಆರು ಹಂತಗಳಲ್ಲಿ ದಾಖಲಾಗಿರುತ್ತದೆ, ಅದನ್ನೂ ಮುದ್ರಿಸಿಕೊಳ್ಳಿ. ತಿಳಿದವರು ಮೊದಲು ಕೇಳುವುದೇ ಅದನ್ನು. ಅಪರಿಚಿತರಿಗೆ ಆರ್‌ಸಿಯ ಪ್ರತಿ ಕಳುಹಿಸುವಾಗ ಅದರ ಮೇಲೆ ಅಡ್ಡಲಾಗಿ ಅವರ ಹೆಸರು, ದಿನಾಂಕ ಬರೆಯಿರಿ.

ಇಷ್ಟೆಲ್ಲ ಜೋಡಿಸಿದ ನಾನು ಎಡವಿದ್ದು ಸಾಲದ ವಿಷಯದಲ್ಲಿ. ಸಾಲ ತೀರಿಸಿ ಮೂರು ವರ್ಷವಾಗಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಕುಳಿತಿತ್ತು. ಬ್ಯಾಂಕು ಅಂದು ಕೊಟ್ಟ ಪತ್ರದ ಅವಧಿ ಯಾವಾಗಲೋ ಮುಗಿದಿತ್ತು. ಹೊಸ ಪತ್ರಕ್ಕೆ ಹತ್ತೊಂಬತ್ತು ದಿನ ಅಲೆದೆ. ಸಾಲ ಮುಗಿದ ವಾರವೇ ಫಾರಂ 35 ಕೊಟ್ಟು ಹೆಸರು ತೆಗೆಸಿ. 2019ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ ಎಚ್‌ಎಸ್‌ಆರ್‌ಪಿ ಎಂಬ ಅತಿಸುರಕ್ಷಿತ ನಂಬರ್ ಫಲಕ, ಬಾಕಿ ದಂಡ, ಹೊಗೆ ತಪಾಸಣೆ ಇವನ್ನೂ ಈಗಲೇ ಮುಗಿಸಿ.

ಓಡಿಸಿ ನೋಡುತ್ತೇವೆಂದು ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಮೊಬೈಲಿನಲ್ಲಿ ವಿಡಿಯೊ ಮಾಡಲು ಬರುವವರು. ನಾನು ಇಟ್ಟುಕೊಂಡ ಕ್ರಮ ಸರಳ: ಮೊದಲು ನಾನು ಮೂಲ್ಕಿಯವರೆಗೆ ಓಡಿಸುತ್ತೇನೆ, ಅವರು ಪಕ್ಕದಲ್ಲಿ ಕೂರುತ್ತಾರೆ. ಮುಂಗಡ ಕೊಟ್ಟು, ಲೈಸೆನ್ಸ್ ತೋರಿಸಿದ ಮೇಲೆ ಸ್ಟಿಯರಿಂಗ್.

ಕಾಸರಗೋಡಿನಿಂದ ಒಬ್ಬರು ಬಂದರು. ಭೂತಾನದ ದಾರಿಯಾಗಿ ಕಳ್ಳಸಾಗಣೆಯಾದ ಕಾರುಗಳಿಗಾಗಿ ಕಸ್ಟಮ್ಸ್ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ದಾಳಿ ನಡೆಸಿತ್ತಲ್ಲ, ಆದ್ದರಿಂದ ಅವರು ಮೊದಲು ನೋಡಿದ್ದು ಇನ್‌ವಾಯ್ಸನ್ನು, ಆಮೇಲೆ ಕಾರನ್ನು. ಹೊರ ರಾಜ್ಯಕ್ಕೆ ಮಾರಿದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಅಲ್ಲಿನ ತೆರಿಗೆ ಹೊಸದಾಗಿ ಕಟ್ಟಬೇಕು. ಆ ತೆರಿಗೆಯನ್ನು ನನ್ನ ಬೆಲೆಯಲ್ಲಿ ಕಳೆಯಿರಿ ಎಂದರು. ಆಗುವುದಿಲ್ಲ ಎಂದೆ. ಬೆಲೆಯ ಅರ್ಧ ನಗದು ಕೊಡುತ್ತೇನೆಂದು ಇನ್ನೊಬ್ಬರು ಸುರತ್ಕಲ್ ಪೇಟೆಯಲ್ಲೇ ಚೀಲ ತೋರಿಸಿದರು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವನಿಗೆ, ಕೊಟ್ಟವನಿಗಲ್ಲ. ಚೀಲ ಬಂದ ದಾರಿಯಲ್ಲೇ ಹೋಯಿತು.

ಕೊಂಡವರು ಕುಂದಾಪುರದ ಯುವಕರೊಬ್ಬರು, ತಾಯಿಯನ್ನು ಕರೆದುಕೊಂಡು ಬಂದಿದ್ದರು. ಆಕೆ ಸೀಟಿಗೆ ಇಳಿದು ಕೂತು, “ಇದೇನು ಕುರ್ಚಿಯೋ, ಊಟದ ಮಣೆಯೋ?” ಎಂದರು. ಮಗ ನನ್ನ ಕಡೆ ತಿರುಗಿ, “ವಿಮೆಯಲ್ಲಿ ಐಡಿವಿ 50 ಲಕ್ಷ ಅಲ್ಲವೇ ಅಣ್ಣ, ನೀವು 64 ಹೇಳುತ್ತೀರಿ?” ಎಂದರು. ಐಡಿವಿ ಎಂದರೆ ವಿಮೆಯವರು ಕೊಡಬೇಕಾದ ಗರಿಷ್ಠ ಮೊತ್ತ, ಮಾರುಕಟ್ಟೆಯ ಬೆಲೆಯಲ್ಲ ಎಂದು ಅರ್ಧ ಗಂಟೆ ವಿವರಿಸಿದೆ. ಪೆಟ್ರೋಲ್ 718ರ ತಯಾರಿಕೆಯೇ ಆ ಅಕ್ಟೋಬರ್‌ನಲ್ಲಿ ನಿಂತಿತೆಂಬ ವಾದವನ್ನೂ ಹೂಡಿದೆ. ಅದಕ್ಕೆ ಅವರು ಜಗ್ಗಲಿಲ್ಲ. ಟೈರಿಗೆಂದು ಒಂದೂವರೆ, ಬೋಲ್ಟಿಗೆಂದು ಅರ್ಧ, ಅಮ್ಮನ ಮುಖ ನೋಡಿ ಒಂದು ಬಿಟ್ಟು 61ಕ್ಕೆ ಮುಗಿಸಿದೆ.

ಹಣ ಆರ್‌ಟಿಜಿಎಸ್‌ನಲ್ಲಿ ಬಂತು. ಕಳುಹಿಸಿದ್ದೇನೆಂಬ ಸ್ಕ್ರೀನ್‌ಶಾಟನ್ನು ನಂಬಬೇಡಿ, ನಿಮ್ಮ ಖಾತೆಯಲ್ಲಿ ಕಂಡ ಮೇಲೆ ಕೀಲಿ ಕೊಡಿ. ಮಾಲೀಕತ್ವ ಬದಲಿಸುವ ಫಾರಂ 29, 30 ಎರಡಕ್ಕೂ ಅಂದೇ ಸಹಿ ಹಾಕಿ ವಾಹನ್‌ನಲ್ಲಿ ಅರ್ಜಿ ಸಲ್ಲಿಸಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಹಸ್ತಾಂತರ ಪತ್ರದಲ್ಲಿ ದಿನಾಂಕ ಮಾತ್ರವಲ್ಲ, ಗಂಟೆ ನಿಮಿಷವನ್ನೂ ಓಡೋಮೀಟರಿನ ಅಂಕಿಯನ್ನೂ ಬರೆದು ಇಬ್ಬರೂ ಸಹಿ ಹಾಕಿ. ನಮ್ಮದು ಬೆಳಿಗ್ಗೆ 11.20. ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಕೊಂಡವರ ಕೆಲಸ. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ, ಮಾತ್ರ ನಿಮ್ಮದು, ಕಾರಿನದಲ್ಲ. ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಅದು ಸಿಗುತ್ತದೆ.

ಫಾಸ್ಟ್ಯಾಗ್ ಮುಚ್ಚಿಸುವುದನ್ನು ನಾನು ಮರೆತೆ. ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಸಾಸ್ತಾನದ ಟೋಲ್‌ನಲ್ಲಿ ಹಣ ಕಡಿತವಾಗಿದೆಯೆಂದು ಸಂದೇಶ ಬಂತು. ಮುಕ್ಕಾಲು ಗಂಟೆ ಬಿಟ್ಟು ಹೆಜಮಾಡಿಯಿಂದ ಇನ್ನೊಂದು. “ಈ ಕಡೆಗೇ ಬರುತ್ತಿದ್ದಾರೆ” ಎಂದಳು ಹೆಂಡತಿ. ಇಬ್ಬರೂ ಗೇಟಿನ ಹೊರಗೆ ಹೋಗಿ ನಿಂತೆವು. ಹೆದ್ದಾರಿಯಲ್ಲಿ ಒಂದು ಹಳದಿ ಗೆರೆ ಹಾದುಹೋಯಿತು, ಚಾವಣಿ ತೆರೆದಿತ್ತು. ಸೋಮವಾರ ಬ್ಯಾಂಕಿಗೆ ಕರೆ ಮಾಡಿ ಫಾಸ್ಟ್ಯಾಗ್ ಮುಚ್ಚಿಸಿದೆ.