ಟ್ರಾಲಿ ಜಾಕಿನ ಸೀಲ್ ಮೂರು ತಿಂಗಳಿಗೇ ಏಕೆ ಹೋಗುತ್ತದೆ: ನನ್ನ ಅನುಭವ

ಕೋಲಾರ ಸೀಮೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗೆ ಬಿಡುವೇ ಇಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ಗೊಬ್ಬರ, ಮಾಲೂರಿನ ಕಡೆ ಇಟ್ಟಿಗೆ ಗೂಡಿಗೆ ಮಣ್ಣು, ಬೇಸಿಗೆ ಬಂತೆಂದರೆ ಎಲ್ಲ ಕಡೆ ಕೆರೆ ಮಣ್ಣು. ಹತ್ತು ಹದಿನೈದು ವರ್ಷ ದುಡಿದ ಟ್ರಾಲಿಯಲ್ಲಿ ಬಾಡಿ ಎತ್ತುವ ಹೈಡ್ರಾಲಿಕ್ ಜಾಕ್ ಸೋರತೊಡಗಿದಾಗ ಹೊಸ ಸೀಲ್ (ಆಯಿಲ್ ತಡೆಯುವ ಉಂಗುರ) ಹಾಕಿಸುತ್ತಾರೆ, ಮೂರು ತಿಂಗಳಿಗೆ ಮತ್ತೆ ಸೋರುತ್ತದೆ, ಸೀಲೇ ಕಳಪೆ ಎನ್ನುತ್ತಾರೆ. ನಾನು ಬಿಚ್ಚಿದ ಜಾಕುಗಳಲ್ಲಿ ಹೆಚ್ಚಿನವಕ್ಕೆ ಸೀಲ್ ಸರಿಯಾದದ್ದೇ ಬಿದ್ದಿತ್ತು. ಅದನ್ನು ಕತ್ತರಿಸಿದ್ದು ರಾಡಿನ ಮೇಲಿನ ಗುಳಿ, ರಾಡನ್ನು ನೆಟ್ಟಗೆ ಹಿಡಿಯುವ ಬುಷ್ ಸವೆದದ್ದು, ಇಲ್ಲವೇ ಯಾರೂ ಬದಲಿಸದೆ ಬಿಟ್ಟ ಹಳೇ ವೈಪರ್, ಅಂದರೆ ರಾಡಿನ ಧೂಳು ಒರೆಸುವ ಉಂಗುರ. ಈ ಮೂರನ್ನು ನೋಡದೆ ಸೀಲ್ ಹಾಕಿದರೆ ದುಡ್ಡು, ಆಯಿಲ್ ಎರಡೂ ದಂಡ.

ನಾನು ಹೇಳುತ್ತಿರುವುದು ಬಾಡಿಯ ಕೆಳಗೆ ಕೂತಿರುವ, ಒಂದೇ ಹೋಸ್ ಬರುವ, ಒಂದೇ ಹಂತದ ಜಾಕಿನ ವಿಚಾರ. ಮೇಲೆತ್ತುವುದು ಆಯಿಲ್, ಕೆಳಗಿಳಿಸುವುದು ಬಾಡಿಯ ತೂಕ. ಈಚೆಗೆ ಮಾಡಿದ್ದು 80 ಮಿ.ಮೀ. ರಾಡ್, 900 ಮಿ.ಮೀ. ಸ್ಟ್ರೋಕ್ (ರಾಡ್ ಹೊರಬರುವ ಉದ್ದ) ಇದ್ದದ್ದು. ರಾಡಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ., ಹಾಗಾಗಿ 150 ಬಾರ್ ಒತ್ತಡಕ್ಕೆ ಅದು ಏಳೂವರೆ ಟನ್ನಿನಷ್ಟು ಬಲ ಕೊಡುತ್ತದೆ. ಪೂರ್ತಿ ಎತ್ತಿದಾಗ ನಾಲ್ಕೂವರೆ ಲೀಟರ್ ಆಯಿಲ್ ಜಾಕಿನೊಳಗೆ ಹೋಗಿರುತ್ತದೆ. ಈ ನಾಲ್ಕೂವರೆ ಲೀಟರ್ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈ ಥರದ ಜಾಕಿನಲ್ಲಿ ರಾಡ್ ಬುಡಕ್ಕೆ ಪಿಸ್ಟನ್ನಿನಂತೆ ಕಾಣುವ ಒಂದು ಗೈಡ್ ಇರುತ್ತದೆ, ಆದರೆ ಅದಕ್ಕೆ ಸೀಲ್ ಇಲ್ಲ, ಆಯಿಲ್ ಅದರ ಎರಡೂ ಕಡೆ ಓಡಾಡುತ್ತದೆ. ಸೀಲ್ ಇರುವುದು ಮೇಲಿನ ಗ್ಲ್ಯಾಂಡಿನಲ್ಲಿ, ಅಂದರೆ ರಾಡ್ ಹೊರಬರುವ ಬಾಯಿಯ ಮುಚ್ಚಳದಲ್ಲಿ ಮಾತ್ರ. ಅಂದರೆ ಆಯಿಲ್ ಹೊರಗೆ ಹೋಗಲು ಎರಡೇ ದಾರಿ: ಗ್ಲ್ಯಾಂಡ್, ಇಲ್ಲವೇ ಬಂದ ಹೋಸಿನಲ್ಲೇ ವಾಪಸ್ಸು. ಇನ್ನೊಂದು ಜಾತಿಯದರಲ್ಲಿ ಪಿಸ್ಟನ್ನಿಗೂ ಸೀಲ್ ಇದ್ದು, ಸಿಲಿಂಡರಿನ ಮೇಲ್ಭಾಗದಲ್ಲಿ ಗಾಳಿ ಆಡುವ ಸಣ್ಣ ತೂತು ಇರುತ್ತದೆ. ಆ ತೂತಿನಿಂದ ಆಯಿಲ್ ಬಂದರೆ ಪಿಸ್ಟನ್ ಸೀಲ್ ಹೋಗಿದೆ ಎಂದೇ ಅರ್ಥ. ಆ ತೂತಿಗೆ ಬೋಲ್ಟ್ ಹಾಕಿ ಮುಚ್ಚಿದವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಪಿಸ್ಟನ್ನಿನ ಮೇಲೆ ಆಯಿಲ್ ತುಂಬಿಕೊಂಡು ಜಾಕ್ ಅರ್ಧಕ್ಕೇ ನಿಲ್ಲುತ್ತದೆ.

ಬಿಚ್ಚುವ ಮೊದಲು ಸೋರಿಕೆ ಯಾವ ಕಡೆಯದು ಎಂದು ಖಾತ್ರಿ ಮಾಡಿಕೊಳ್ಳಬೇಕು. ಖಾಲಿ ಬಾಡಿಯನ್ನು ಮುಕ್ಕಾಲು ಎತ್ತಿ, ಚಾಸಿಗೂ (ಟ್ರಾಲಿಯ ಕೆಳಚೌಕಟ್ಟು) ಬಾಡಿಗೂ ನಡುವೆ ಕಬ್ಬಿಣದ ಆಸರೆ ಪೈಪ್ ನಿಲ್ಲಿಸಿ. ಪೈಪಿನ ತಲೆಗೂ ಬಾಡಿಗೂ ನಾಲ್ಕು ಬೆರಳು ಸಂದು ಬಿಡಿ. ಬಾಡಿ ಕುಸಿದರೆ ಪೈಪಿನ ಮೇಲೆ ಕೂರುತ್ತದೆ, ನಿಧಾನವಾಗಿ ಇಳಿಯುವುದೂ ಕಣ್ಣಿಗೆ ಕಾಣುತ್ತದೆ. ಗ್ಲ್ಯಾಂಡಿಗೆ ಅಂಟಿಕೊಂಡಂತೆ ರಾಡ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ದೂರ ನಿಂತು ನೋಡಿ. ಗ್ಲ್ಯಾಂಡ್ ಸುತ್ತ ಆಯಿಲ್ ಜಿನುಗಿ ಗೆರೆ ಒಳಗೆ ಹೋದರೆ ಸೀಲ್ ಹೋಗಿದೆ. ಹೊರಗೆ ಒಂದು ತೊಟ್ಟೂ ಇಲ್ಲದೆ ಇಳಿಯುತ್ತಿದ್ದರೆ ಜಾಕ್ ಮುಟ್ಟಬೇಡಿ. ತೊಂದರೆ ಟ್ರ್ಯಾಕ್ಟರಿನ ಕಂಟ್ರೋಲ್ ವಾಲ್ವಿನಲ್ಲಿದೆ. ಇದಕ್ಕಾಗಿ ನಾನು ಜಾಕಿನ ಬುಡದಲ್ಲಿ ಒಂದು ಹೈಪ್ರೆಷರ್ ಬಾಲ್ ವಾಲ್ವ್ ಕೂರಿಸುತ್ತೇನೆ. ಅದನ್ನು ಮುಚ್ಚಿದಾಗ ಇಳಿಯುವುದು ನಿಂತರೆ ಸಂಶಯಕ್ಕೆ ಜಾಗವೇ ಇಲ್ಲ. ನೀರಿನ ಪೈಪಿಗೆ ಹಾಕುವ ವಾಲ್ವನ್ನು ಇಲ್ಲಿ ಹಾಕಬಾರದು, ಒಡೆಯುತ್ತದೆ.

ಎತ್ತುತ್ತದೆ, ಆದರೆ ಇಳಿಯುವುದಿಲ್ಲ ಎಂದು ಬರುವ ಟ್ರಾಲಿಗಳೂ ಇವೆ. ಅಲ್ಲಿ ಮೊದಲು ನೋಡಬೇಕಾದದ್ದು ಹೋಸನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಕ್ವಿಕ್ ಕಪ್ಲರ್. ಎರಡು ಅರ್ಧಗಳಲ್ಲಿ ಒಂದು ಪೂರ್ತಿ ಕೂರದಿದ್ದರೆ ಒಳಗಿನ ವಾಲ್ವ್ ಒಂದೇ ದಿಕ್ಕಿಗೆ ತೆರೆಯುತ್ತದೆ. ಪಂಪ್ ತಳ್ಳಿದ ಆಯಿಲ್ ಒಳಗೆ ಹೋಗುತ್ತದೆ, ತಿರುಗಿ ಬರಲಾರದು. ಬಾಡಿ ಮೇಲಿರುವಾಗಲೇ ಕಪ್ಲರ್ ಕೀಳಲು ಹೋಗಬೇಡಿ, ಆಸರೆ ಕೊಟ್ಟ ಮೇಲೆಯೇ ಕೈ ಹಾಕಿ. ಎತ್ತುವುದೇ ಇಲ್ಲವಾದರೆ ಮೊದಲು ಟ್ರ್ಯಾಕ್ಟರಿನ ಆಯಿಲ್ ಮಟ್ಟ, ಆಮೇಲೆ ಪಂಪ್ ಆಯಿಲ್ ಎಳೆಯುವ ಕಡೆಯ ಸಕ್ಷನ್ ಜಾಲರಿ, ಕೊನೆಗೆ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್. ಆ ಕಥೆಯೇ ಬೇರೆ, ಇಲ್ಲಿ ಅಷ್ಟು ಸಾಕು.

ಸೀಲ್ ಕೆಲಸಕ್ಕೆ ಜಾಕನ್ನು ಕೆಳಗಿಳಿಸಲೇಬೇಕು. ಈಗ ಆಸರೆ ಎರಡೂ ಪಕ್ಕಕ್ಕೆ ಇರಲಿ, ಸಂದಿಲ್ಲದೆ ಬಿಗಿಯಾಗಿ ಇರಲಿ. ನೀಲಗಿರಿ ಮರದ ಗೂಟ ಜಾರುತ್ತದೆ, ಸೀಳುತ್ತದೆ, ನಂಬಬೇಡಿ. ಬಾಡಿಯ ಭಾರ ಪೂರ್ತಿ ಪೈಪುಗಳ ಮೇಲೆ ಬಂದ ಮೇಲೆ, ಎಂಜಿನ್ ನಿಲ್ಲಿಸಿ ಲಿವರ್ ಇಳಿಸುವ ಕಡೆಗೇ ಇಟ್ಟು ಒತ್ತಡ ಬಿಡಿ. ಮೇಲಿನ ಪಿನ್ನು ಕೈಯಲ್ಲಿ ಆಡಿಸಿದರೆ ಸಡಿಲವಾಗಿ ಅಲುಗಬೇಕು, ಅಲುಗದಿದ್ದರೆ ಒತ್ತಡ ಇನ್ನೂ ಇದೆ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದೆಯೇ ಎಂದು ಯಾವತ್ತೂ ಕೈ ಸವರಿ ನೋಡಬಾರದು. ರಟ್ಟು ಹಿಡಿದು ನೋಡಿ. ಆ ಒತ್ತಡದ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಜಾಲಿಮುಳ್ಳು ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸ ಕೊಳೆಯತೊಡಗುತ್ತದೆ. ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಒಳಗೆ ಹೊಕ್ಕಿರುವುದು ಹೈಡ್ರಾಲಿಕ್ ಆಯಿಲ್ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ಗ್ರೀಸ್ ಕಾಣದ ಪಿನ್ನುಗಳು ಹಿಡಿದುಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು, ಬೆಳಗ್ಗೆ ಹಿತ್ತಾಳೆಯ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತೇನೆ. ಜಾಕ್ ಒಬ್ಬರ ಕೈಗೆ ಬಗ್ಗುವ ತೂಕವಲ್ಲ, ಚೈನ್ ಪುಲ್ಲಿ ಬೇಕು. ಹೋಸಿನ ಬಾಯಿಗೆ ಶುದ್ಧ ಪಾಲಿಥೀನ್ ಕಟ್ಟಿ.

ಬಿಚ್ಚುವ ಮುಂಚೆ ಜಾಕಿನ ಹೊರಮೈಯನ್ನು ಡೀಸೆಲ್ ಹಾಕಿ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಗ್ಲ್ಯಾಂಡ್ ನಟ್ಟಿನ ಪಕ್ಕದಲ್ಲಿ ಪುಟ್ಟ ಲಾಕ್ ಸ್ಕ್ರೂ ಇರುತ್ತದೆ, ಮಣ್ಣು ತುಂಬಿ ಕಾಣುವುದಿಲ್ಲ. ಅದನ್ನು ತೆಗೆಯದೆ ಬಲ ಹಾಕಿದರೆ ಥ್ರೆಡ್ ಹಾಳು. ನಟ್ಟಿಗೆ ಕೊಕ್ಕೆ ಸ್ಪ್ಯಾನರ್ ಬಳಸಿ, ಉಳಿ ಇಟ್ಟು ಹೊಡೆಯಬೇಡಿ. ಬಿಗಿಯಾಗಿದೆ ಎಂದು ಗ್ಯಾಸ್ ಹಿಡಿದು ಕಾಯಿಸುವುದಂತೂ ಬೇಡವೇ ಬೇಡ, ಒಳಗೆ ಸಿಕ್ಕಿರುವ ಆಯಿಲ್ ಕಾದರೆ ಸಿಲಿಂಡರ್ ಸಿಡಿಯುತ್ತದೆ. ರಾಡ್ ತುದಿಯ ಕಣ್ಣು ಬೆಸುಗೆಯದಾದರೆ ಗ್ಲ್ಯಾಂಡನ್ನು ಬುಡದ ಕಡೆಯಿಂದ ತೆಗೆಯಬೇಕು, ಅದಕ್ಕೆ ಗೈಡನ್ನು ಹಿಡಿದಿರುವ ಸ್ಪ್ರಿಂಗ್ ಉಂಗುರ, ಅಂದರೆ ಸರ್ಕ್ಲಿಪ್ ಬಿಚ್ಚಿ. ಹೊರಗಿನಿಂದ ಒಳಕ್ಕೆ ಏನೇನು ಯಾವ ದಿಕ್ಕಿಗೆ ಕೂತಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೊದಲು ವೈಪರ್, ಆಮೇಲೆ ಸೀಲ್, ಅದರಿಂದ ಒಳಕ್ಕೆ ಬುಷ್, ಗ್ಲ್ಯಾಂಡಿನ ಹೊರಮೈಗೆ ಓರಿಂಗ್.

ಈಗ ರಾಡ್. ಬಿಸಿಲಿಗೆ ಹಿಡಿದು ನಿಧಾನವಾಗಿ ಉರುಳಿಸಿ ನೋಡಿ. ಹೊಳೆಯುವ ಕ್ರೋಮ್ ನಡುವೆ ರಾಗಿ ಕಾಳಿಗಿಂತ ಸಣ್ಣ ಚುಕ್ಕೆ, ಅದರ ಅಂಚಿಗೆ ಕಂದು ಬಣ್ಣದ ಉಂಗುರ: ಅದು ತುಕ್ಕಿನ ಗುಳಿ. ಕಣ್ಣು ತಪ್ಪಿದರೂ ಹತ್ತಿ ತಪ್ಪುವುದಿಲ್ಲ. ಒಂದು ಹಿಡಿ ಹತ್ತಿಯನ್ನು ರಾಡಿಗೆ ಸುತ್ತಿ ಉದ್ದಕ್ಕೂ ಎಳೆದರೆ ಏಣಿರುವ ಕಡೆಯೆಲ್ಲ ಎಳೆ ಸಿಕ್ಕಿ ನಿಲ್ಲುತ್ತದೆ. ಆ ಏಣೇ ಪ್ರತಿ ಸಲ ಎತ್ತಿ ಇಳಿಸುವಾಗ ಸೀಲಿನ ತುಟಿಯನ್ನು ಕೊಯ್ಯುವುದು. ಇಂಥ ಗುಳಿ ಹೆಚ್ಚಾಗಿ ಗೊಬ್ಬರ, ಪೊಟ್ಯಾಶ್ ಸಾಗಿಸುವ ಟ್ರಾಲಿಗಳಲ್ಲಿ ಕಾಣುತ್ತದೆ. ಆ ಉಪ್ಪು ರಾಡ್ ಮೇಲೆ ಉದುರಿ, ಬಾಡಿ ಎತ್ತಿಟ್ಟೇ ಮಳೆಗೆ ಬಿಟ್ಟರೆ ಕ್ರೋಮ್ ಕೆಳಗಿನ ಕಬ್ಬಿಣ ತಿಂದುಹೋಗುತ್ತದೆ. ಎರಡನೆಯದು ಬೆಸುಗೆಯ ಕಿಡಿ. ಬಾಡಿ ಎತ್ತಿ ತಳದ ತಗಡಿಗೆ ವೆಲ್ಡಿಂಗ್ ಮಾಡುವಾಗ ಕಿಡಿ ರಾಡಿಗೆ ಅಂಟಿಕೊಳ್ಳುತ್ತದೆ. ಒದ್ದೆ ಗೋಣಿಚೀಲ ಸುತ್ತದೆ ಅಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಅರ್ಥಿಂಗ್ ಕ್ಲಿಪ್ಪನ್ನು ಬೆಸುಗೆ ಹಾಕುವ ತಗಡಿಗೇ ಕಚ್ಚಿಸಿ. ಚಾಸಿಗೆ ಕಚ್ಚಿಸಿದರೆ ಕರೆಂಟು ಜಾಕಿನ ಮೂಲಕ ಹರಿದು ಪಿನ್, ಬುಷ್ ಸುಡುತ್ತದೆ.

ಉಗುರಿಗೆ ತಡೆಯದ ಗೀರಾದರೆ 400, ಆಮೇಲೆ 800 ನಂಬರಿನ ಎಮರಿ ಪೇಪರಿಗೆ ಆಯಿಲ್ ಹಚ್ಚಿ, ರಾಡಿನ ಸುತ್ತಲೂ ತಿಕ್ಕಬೇಕು. ಉದ್ದಕ್ಕೆ ತಿಕ್ಕಿದರೆ ಆಯಿಲ್ ಹೊರಬರಲು ನೀವೇ ಕಾಲುವೆ ತೋಡಿಕೊಟ್ಟಂತೆ. ಉಗುರು ನಿಲ್ಲುವಷ್ಟು ಆಳದ ಗುಳಿಗೆ ಎಮರಿ ಸಾಲದು. ಹಾರ್ಡ್ ಕ್ರೋಮಿನ ದಪ್ಪ ಮಿ.ಮೀ.ನ ನೂರನೇ ಒಂದರ ಲೆಕ್ಕದಲ್ಲಿ ಇರುವುದು, ತಿಕ್ಕಿದರೆ ಅದೇ ಹೋಗುತ್ತದೆ. ರಾಡನ್ನು ಗ್ರೈಂಡಿಂಗ್ ಮಾಡಿಸಿ, ಹೊಸ ಕ್ರೋಮ್ ಹಾಕಿಸಿ, ಮತ್ತೆ ಅಳತೆಗೆ ಗ್ರೈಂಡಿಂಗ್ ಮಾಡಿಸಬೇಕು. ಇಲ್ಲವೇ ಕ್ರೋಮ್ ಆಗಿಯೇ ಬರುವ ರಾಡ್ ತಂದು ಲೇತಿನಲ್ಲಿ ತುದಿ ಕಟ್ಟಿಸಬೇಕು. ಹಳೇ ಜಾಕಿಗೆ ನನ್ನ ಒಲವು ಎರಡನೆಯದಕ್ಕೆ, ಬಾಗಿದ ರಾಡಿನ ಕಾಟವೂ ಅದರಲ್ಲೇ ತೀರುತ್ತದೆ.

ಬಾಗಿದೆಯೇ ಎಂದು ತಿಳಿಯಲು ಲೇತಿಗೆ ಕಟ್ಟಿ ಡಯಲ್ ಗೇಜ್ ಇಡಿಸಿ. ಒಂದು ಮೀಟರಿಗೆ ಅರ್ಧ ಮಿ.ಮೀ. ದಾಟಿದರೆ ನಾನು ಅದಕ್ಕೆ ಹೊಸ ಸೀಲ್ ಹಾಕುವುದಿಲ್ಲ. ರಾಡ್ ಬಾಗುವುದು ಇಳಿಜಾರಿನಲ್ಲಿ ನಿಲ್ಲಿಸಿ ಎತ್ತುವುದರಿಂದ, ಹಸಿ ಮಣ್ಣು ಬಾಡಿಯ ಒಂದೇ ಮಗ್ಗುಲಿಗೆ ಅಂಟಿ ನಿಲ್ಲುವುದರಿಂದ, ಪಿನ್ ತಿರುಗದೆ ಹಿಡಿದುಕೊಳ್ಳುವುದರಿಂದ. ಇದೇ ಕಾರಣಕ್ಕೆ ಬುಷ್ ಒಂದು ಪಕ್ಕಕ್ಕೆ ಮಾತ್ರ ಸವೆಯುತ್ತದೆ. ರಾಡನ್ನು ಬುಷ್‌ನೊಳಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಸೆಟ್ಟು) ತೂರಿಸಿ. 0.4 ಮಿ.ಮೀ. ಎಲೆ ಸಲೀಸಾಗಿ ಹೋದರೆ ಹೊಸ ಗನ್‌ಮೆಟಲ್ ಬುಷ್ ಮಾಡಿಸುತ್ತೇನೆ. ರಾಡ್ ಆಚೀಚೆ ವಾಲುತ್ತಿದ್ದರೆ ಎಷ್ಟು ಒಳ್ಳೆಯ ಸೀಲೂ ಒಂದು ಕಡೆ ಜಜ್ಜಿ, ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಸೀಲ್ ತರುವಾಗ ಹಳೆಯದನ್ನು ಅಳೆದು ತರಬೇಡಿ. ಅದು ಆಯಿಲ್ ಕುಡಿದು ಉಬ್ಬಿರುತ್ತದೆ, ಇಲ್ಲವೇ ಒಣಗಿ ಕುಗ್ಗಿರುತ್ತದೆ. ರಾಡಿನ ವ್ಯಾಸ, ಗ್ಲ್ಯಾಂಡಿನಲ್ಲಿ ಸೀಲ್ ಕೂರುವ ತೋಡಿನ ಹೊರವ್ಯಾಸ, ತೋಡಿನ ಎತ್ತರ, ಮೂರನ್ನೂ ವರ್ನಿಯರಿನಲ್ಲಿ ಅಳೆಯಿರಿ. ಅಂಗಡಿಯಲ್ಲಿ ಕೇಳುವುದೂ ಇದೇ ಕ್ರಮದಲ್ಲಿ. ತೋಡು ಸೀಲಿಗಿಂತ ಒಂದು ಮಿ.ಮೀ.ನಷ್ಟು ಎತ್ತರವಿರಬೇಕು. 11 ಇದ್ದರೆ 10ರ ಸೀಲ್. ಮಣ್ಣಿನ ಕೆಲಸಕ್ಕೆ ಕಪ್ಪು ರಬ್ಬರಿಗಿಂತ ಪಾಲಿಯುರೆಥೇನ್ ಸೀಲ್ ಹೆಚ್ಚು ಬಾಳುತ್ತದೆ. ವೈಪರನ್ನು ಕಡ್ಡಾಯವಾಗಿ ಹೊಸದು ಹಾಕಿ. ನಮ್ಮ ಕೆಂಪು ಮಣ್ಣಿನ ಧೂಳನ್ನು ಸೀಲಿನ ತನಕ ಬರದಂತೆ ತಡೆಯುವುದು ಅದೊಂದೇ. ತೀರಾ ಹಳೆಯ ಜಾಕುಗಳಲ್ಲಿ ಸೀಲಿನ ಬದಲು ವಿ ಆಕಾರದ ಪ್ಯಾಕಿಂಗ್ ಉಂಗುರಗಳ ಸೆಟ್ಟು ಇರುತ್ತದೆ. ಅಲ್ಲಿ ಸೋರಿಕೆ ನಿಲ್ಲುವಷ್ಟು ಮಾತ್ರ ನಟ್ಟು ಬಿಗಿಯಬೇಕು. ಇನ್ನೂ ಒಂದು ಸುತ್ತು ಇರಲಿ ಎಂದು ಬಿಗಿದರೆ ಪ್ಯಾಕಿಂಗ್ ಒಣಗಿ ಉರಿದು, ಖಾಲಿ ಬಾಡಿ ಇಳಿಯುವುದೇ ಇಲ್ಲ.

ಕೂರಿಸುವಾಗ ಸೀಲನ್ನು ಬೆಚ್ಚಗಿನ ಆಯಿಲ್‌ನಲ್ಲಿ ಹತ್ತು ನಿಮಿಷ ಬಿಟ್ಟು, ಗೋಡಂಬಿಯ ಆಕಾರಕ್ಕೆ ಮಡಚಿ ತೋಡಿನೊಳಗೆ ಬಿಡಿ, ಅದು ತಾನೇ ಅರಳಿ ಕೂರುತ್ತದೆ. ಸ್ಕ್ರೂಡ್ರೈವರ್ ಹಚ್ಚಬೇಡಿ, ನುಣುಪು ಮಾಡಿದ ಬಿದಿರಿನ ಕಡ್ಡಿ ಸಾಕು. ಸೀಲಿನ ತುಟಿ ತೆರೆದ ಮುಖ ಆಯಿಲಿನ ಕಡೆಗೆ, ಅಂದರೆ ಒಳಕ್ಕೆ ಇರಬೇಕು. ವೈಪರಿನ ತುಟಿ ಹೊರಕ್ಕೆ. ತಿರುಗುಮುರುಗಾದರೆ ಮೊದಲ ಸಲ ಎತ್ತಿದಾಗಲೇ ಆಯಿಲ್ ಚಿಮ್ಮುತ್ತದೆ. ರಾಡ್ ತುದಿಯಲ್ಲಿ ಥ್ರೆಡ್ ಇದ್ದರೆ ಟೇಪ್ ಸುತ್ತಿ, ಆಯಿಲ್ ಹಚ್ಚಿ, ತಿರುಗಿಸುತ್ತಾ ದಾಟಿಸಿ.

ಗಾಳಿ ತೆಗೆಯುವ ಕೆಲಸವನ್ನು ಜೋಡಿಸುವಾಗಲೇ ಮುಗಿಸಬಹುದು. ಆಯಿಲ್ ಒಳಬರುವ ಬಾಯಿ ತಳದಲ್ಲಿ, ಗಾಳಿ ನಿಲ್ಲುವುದು ತಲೆಯಲ್ಲಿ, ಹಾಗಾಗಿ ಎಷ್ಟು ಸಲ ಎತ್ತಿ ಇಳಿಸಿದರೂ ಅದು ತಾನಾಗಿ ಹೋಗುವುದಿಲ್ಲ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ತಳದ ಬಾಯಿ ಮುಚ್ಚಿ, ರಾಡನ್ನು ತಳ ಮುಟ್ಟಿಸಿ, ಸುತ್ತಲಿನ ಸಂದಿಗೆ ಕಂಠದ ತನಕ ಆಯಿಲ್ ತುಂಬಿ. ಗುಳ್ಳೆ ನಿಂತ ಮೇಲೆ ಗ್ಲ್ಯಾಂಡ್ ಇಳಿಸಿ ಬಿಗಿಯಿರಿ, ಹೆಚ್ಚಾದದ್ದು ಚೆಲ್ಲಲಿ. ಗ್ಲ್ಯಾಂಡ್ ಹತ್ತಿರ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇರುವ ಜಾಕಿಗೆ ಇದರ ಅಗತ್ಯವಿಲ್ಲ.

ಮೊದಲು ಹೇಳಿದ ನಾಲ್ಕೂವರೆ ಲೀಟರಿನ ವಿಚಾರ ಇಲ್ಲಿ ಬರುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿನ ಆಯಿಲೇ ಹೈಡ್ರಾಲಿಕ್ ಆಯಿಲ್. ಮಟ್ಟ ಕಡಿಮೆ ಇದ್ದರೆ ಬಾಡಿ ಪೂರ್ತಿ ಎತ್ತಿದಾಗ ಪಂಪ್ ಗಾಳಿ ಎಳೆದು ಆಯಿಲ್ ನೊರೆಯಾಗುತ್ತದೆ. ಬಾಡಿ ಕೆಳಗಿರುವಾಗ ಮಟ್ಟ ನೋಡಿ ತುಂಬಿಸಿ, ಎತ್ತಿ ಇಳಿಸಿ ಮತ್ತೊಮ್ಮೆ ನೋಡಿ. ಅದಕ್ಕಿಂತ ದೊಡ್ಡ ತೊಂದರೆ ಬಾಡಿಗೆಗೆ ಓಡುವ ಟ್ರಾಲಿಯದು. ಇವತ್ತು ಒಂದು ಟ್ರ್ಯಾಕ್ಟರ್, ನಾಳೆ ಇನ್ನೊಂದು. ಒಂದರ ಗೇರ್‌ಬಾಕ್ಸಿನ ಲೋಹದ ಪುಡಿ, ನೀರು ಬೆರೆತ ಹಾಲುಬಣ್ಣದ ಆಯಿಲ್ ಜಾಕಿನಲ್ಲಿ ಉಳಿದು ಮತ್ತೊಂದರ ಪಂಪಿಗೆ ಹೋಗುತ್ತದೆ. ನಿಮ್ಮ ಟ್ರಾಲಿ ಕೈಬದಲಾಗಿ ಬಂದಿದ್ದರೆ ಹೋಸ್ ಬಿಚ್ಚಿ, ಜಾಕಿನಲ್ಲಿ ಉಳಿದ ಆಯಿಲನ್ನು ಡಬ್ಬಿಗೆ ಇಳಿಸಿ ಬಣ್ಣ ನೋಡದೆ ನಿಮ್ಮ ಟ್ರ್ಯಾಕ್ಟರಿಗೆ ಸಿಕ್ಕಿಸಬೇಡಿ.

ಪರೀಕ್ಷೆ ಖಾಲಿ ಬಾಡಿಯಿಂದ ಶುರು. ಐದಾರು ಸಲ ನಿಧಾನವಾಗಿ ಎತ್ತಿ ಇಳಿಸಿ. ನಡುಗಿದರೆ, ಸ್ಪಂಜಿನಂತೆ ಕುಗ್ಗಿದರೆ ಗಾಳಿ ಉಳಿದಿದೆ. ಆಮೇಲೆ ಅರ್ಧ ಲೋಡು, ಮತ್ತೆ ಅದೇ ಸೀಮೆಸುಣ್ಣದ ಗೆರೆ, ಹತ್ತು ನಿಮಿಷ. ಕೊನೆಗೆ ಪೂರ್ತಿ ಲೋಡು. ರಾಡ್ ಮೇಲೆ ಬೆರಳಿಗೆ ಜಿಡ್ಡು ತಾಗುವಷ್ಟು ತೆಳು ಪದರ ಇರಲೇಬೇಕು, ಸೀಲಿಗೆ ಅದೇ ಜೀವ. ಗ್ಲ್ಯಾಂಡಿನ ಮೇಲೆ ಉಂಗುರದಂತೆ ಆಯಿಲ್ ನಿಂತರೆ ಮಾತ್ರ ಮತ್ತೆ ಬಿಚ್ಚಬೇಕು. ಜಾಕ್ ತುದಿ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇದ್ದರೆ ರಾಡಿನ ಗೈಡ್ ಗ್ಲ್ಯಾಂಡಿಗೆ ಗುದ್ದಿ ಥ್ರೆಡ್ ಕಿತ್ತುಬರುತ್ತದೆ. ಅದಕ್ಕೆ ಸ್ಟ್ರೋಕ್ ಮುಗಿಯಲು ಎರಡು ಅಂಗುಲ ಇರುವಾಗಲೇ ಬಿಗಿಯುವಂತೆ ಬಾಡಿಗೂ ಚಾಸಿಗೂ ಒಂದು ಸರಪಳಿ ಕಟ್ಟಿಸುತ್ತೇನೆ. ಅದು ಡ್ರೈವರಿಗೆ ಗುರುತು, ಬಿಗಿದ ಕೂಡಲೇ ಲಿವರ್ ಬಿಡಬೇಕು. ಎರಡೂ ಪಿನ್ನಿಗೆ ವಾರಕ್ಕೊಮ್ಮೆ ಗ್ರೀಸ್, ಕೆರೆ ಮಣ್ಣಿನ ಕಾಲದಲ್ಲಿ ದಿನಕ್ಕೊಮ್ಮೆ.