ಕೌದಿಯೊಳಗೆ ಒಂದು ಖಾಲಿ ಜಾಗ

ಮಾನಸಿಕ ಆರೋಗ್ಯದ ಬಗ್ಗೆ ಇನ್‌ಸ್ಟಲೇಶನ್ (ಒಂದು ಜಾಗವನ್ನೇ ಕಲಾಕೃತಿಯಾಗಿಸುವುದು) ಮಾಡೋಣ ಅಂದ ಕೂಡಲೇ ನಮ್ಮ ಗುಂಪಿಗೆ ಹೊಳೆದದ್ದೆಲ್ಲ ಒಂದೇ ಥರದ ಐಡಿಯಾ. ಬಿರುಕು ಬಿಟ್ಟ ಪ್ಲಾಸ್ಟರ್ ತಲೆ, ಕಪ್ಪು ಬಳಿದ ಕೋಣೆ, ಸರಪಳಿ, ನೆಲದ ತುಂಬ ಗುಳಿಗೆ. ನಾವು ಧಾರವಾಡದಲ್ಲಿ ಫೈನ್ ಆರ್ಟ್ಸ್ ಕೊನೆಯ ವರ್ಷ ಓದುತ್ತಿದ್ದೆವು. ಗುಂಪಿನ ಒಬ್ಬ ಗೆಳತಿ ಆಗ ಖಿನ್ನತೆಗೆ ಔಷಧಿ ತಗೊಳ್ಳುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಗುಳಿಗಿ ನೋಡಿದ್ರ ನನಗೇನ್ ಅಂಜಿಕಿ ಬರಂಗಿಲ್ಲ. ನಿಮಗ ಬರ್ತದ," ಅಂದಳು. ಆ ಪಟ್ಟಿ ಅಲ್ಲಿಗೇ ಬಿದ್ದುಹೋಯಿತು.

ಮತ್ತೆ ಏನು ಮಾಡೋದು? ಅವಳನ್ನೇ ಕೇಳಿದೆವು. ತೀರಾ ಕಷ್ಟದ ದಿನಗಳಲ್ಲಿ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದಳಂತೆ. ಯಾರಾದರೂ ಹತ್ತಿರ ಸುಮ್ನೆ ಕೂತರೆ ಸಾಕಿತ್ತು, ಪ್ರಶ್ನೆ ಬೇಡವಾಗಿತ್ತು ಅಂದಳು. ಹಾಗಾಗಿ ಕೌದಿ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಕೈಯಲ್ಲಿ ಹೊಲಿಯುವ ಕೌದಿ ನಮ್ಮ ಕಡೆ ಇಲ್ಲದ ಮನೆ ಕಡಿಮೆ. ಹಾಸ್ಟೆಲಿನವರೆಲ್ಲ ಮನೆಯಿಂದ ಒಂದೊಂದು ಬಟ್ಟೆ ತಂದರು. ಒಬ್ಬ ಹುಡುಗ ತನ್ನ ಪಿಯು ಯೂನಿಫಾರಂ ಕೊಟ್ಟ. ಯಾಕೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಟ್ಟೆಯ ಇಂಥ ಕೆಲಸಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಏಡ್ಸ್ ಸ್ಮಾರಕ ಕೌದಿ. 1987ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಸಲ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಅಲ್ಲಿ ಹೆಸರುಗಳೇ ಮುಖ್ಯ, ತೀರಿಹೋದವರನ್ನು ಜನ ಮರೆಯಬಾರದು ಅಂತ. ನಮ್ಮದು ಬದುಕಿರುವವರ ಕೌದಿ, ನಾಳೆ ಅದೇ ಕ್ಲಾಸಿನಲ್ಲಿ ಕೂರಬೇಕಾದವರದು. ಹಾಗಾಗಿ ಒಂದು ಹೆಸರೂ ಬೇಡ ಅಂತ ನಿರ್ಧರಿಸಿದೆವು.

ಹೊಲಿಗೆಗಿಂತ ನಿಲ್ಲಿಸುವುದು ಕಷ್ಟ. ನಾಲ್ಕು ಪದರದ ಕೌದಿ ವಿಪರೀತ ಭಾರ, ಗೋಡೆಗೆ ಮೊಳೆ ಹೊಡೆಯಲು ಅನುಮತಿ ಇಲ್ಲ. ಬಿದಿರಿನ ಗಳಗಳಿಂದ ಗುಡಾರದ ಚೌಕಟ್ಟು ಕಟ್ಟಿ ಮೇಲೆ ಹೊದಿಸಿದೆವು. ಕಟ್ಟಿದ ಹಗ್ಗದ ತುದಿಗಳನ್ನೆಲ್ಲ ಒಳಗೆ ಮಡಚಿ ಹೊಲಿದೆವು. ಈ ವಿಷಯದ ಕೆಲಸದಲ್ಲಿ ಜೋತಾಡುವ ಹಗ್ಗ ನೋಡುವವರಿಗೆ ಏನನ್ನು ನೆನಪಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಬಟ್ಟೆ ಬಿಸಿಯಾಗಬಾರದು ಅಂತ ಸಣ್ಣ ಎಲ್‌ಇಡಿ ದೀಪ ಇಟ್ಟೆವು.

ಒಳಗೆ ಒಬ್ಬರಿಗೆ ಕೂರುವಷ್ಟು ಜಾಗ. ಸುತ್ತ ಜೇಬುಗಳು. ಮನಸ್ಸಿನಲ್ಲಿದ್ದದ್ದನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಬಹುದು, ಮುಂದೆ ಬಂದವರು ತೆಗೆದು ಓದಬಹುದು. ಇದನ್ನು ನಮ್ಮ ಆಪ್ತಸಮಾಲೋಚಕಿ ಮೇಡಂ ಒಪ್ಪಲಿಲ್ಲ. "ಸಾಯಬೇಕು ಅಂತ ಯಾರಾದರೂ ಬರೆದರೆ? ಹೆಸರಿಲ್ಲದ ಚೀಟಿ ಹಿಡಿದು ಯಾರನ್ನು ಹುಡುಕ್ತೀರಿ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ರಕಾರ ಈ ಕೃತಿಯ ಅಸಲಿ ಡಿಸೈನ್ ಶುರುವಾದದ್ದು ಆ ಪ್ರಶ್ನೆಯಿಂದಲೇ.

ಜೇಬು ಉಳಿಸಿಕೊಂಡೆವು, ಆದರೆ ಪ್ರಶ್ನೆ ಬದಲಾಯಿಸಿದೆವು. 'ಕಷ್ಟದ ದಿನ ನಿಮಗೆ ಯಾವುದು ಒದಗಿತು?' ಅಂತ ಮಾತ್ರ ಕೇಳಿದೆವು. ಉಳಿದದ್ದಕ್ಕೆ ಬೀಗ ಹಾಕಿದ ಡಬ್ಬಿ, ಕೀಲಿ ಮೇಡಂ ಹತ್ತಿರ. ಡಬ್ಬಿಯ ಮೇಲೆ, 'ಇದನ್ನು ಸಂಜೆಯ ತನಕ ಯಾರೂ ಓದುವುದಿಲ್ಲ. ಈಗಲೇ ಸಹಾಯ ಬೇಕಿದ್ದರೆ ಬಾಗಿಲಲ್ಲಿ ಇರುವವರ ಜೊತೆ ಮಾತಾಡಿ' ಅಂತ ಬರೆದೆವು. ಕೆಳಗೆ ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಬಾಗಿಲಲ್ಲಿ ಸರದಿ ಪ್ರಕಾರ ನಾವೇ ಕೂತೆವು. ಅದಕ್ಕೆ ಮೇಡಂ ತಯಾರಿ ಮಾಡಿಸಿದ್ದರು. ಉಪದೇಶ ಬೇಡ, ಸಮಾಧಾನದ ಡೈಲಾಗ್ ಬೇಡ. ಅನುಮಾನ ಬಂದರೆ, ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ, ಒಬ್ಬರನ್ನೇ ಬಿಡದೆ ನನ್ನ ಹತ್ತಿರ ಕರೆದುಕೊಂಡು ಬನ್ನಿ ಅಂದಿದ್ದರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ನಂಬಿಕೆ ಅಂತ ಒತ್ತಿ ಹೇಳಿದ್ದರು. ಹಿಂದೆ ಪ್ರಯತ್ನ ಮಾಡಿದ್ದನ್ನು ಹೇಳಿಕೊಂಡರೆ ಪೊಲೀಸ್ ಕೇಸ್ ಆಗುತ್ತಾ ಅಂತ ನಮ್ಮಲ್ಲೊಬ್ಬ ಕೇಳಿದ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಅಂತಲೇ ನೋಡುತ್ತದೆ, ಶಿಕ್ಷೆ ಬೇಡ ಅನ್ನುತ್ತದೆ ಅಂತ ಮೇಡಂ ವಿವರಿಸಿದರು.

ಜೇಬಿನ ಚೀಟಿಗಳಲ್ಲಿ ದೊಡ್ಡ ಮಾತು ಅಷ್ಟೇನೂ ಇರಲಿಲ್ಲ. 'ಮೆಸ್ಸಿನ ಅಕ್ಕ ಎರಡನೇ ಸಲ ಊಟಕ್ಕೆ ಕರೆದರು.' 'ಬ್ಯಾಕ್‌ಲಾಗ್ ಇದೆ ಅಂತ ಅಪ್ಪನಿಗೆ ಹೇಳಿದೆ, ಬೈಲಿಲ್ಲ.' ಕೆಲವರು ಬರೆಯದೆ, ಸುಮ್ನೆ ಕೂತು ಹೋದರು. ಕೆಲವರು ಸೆಲ್ಫಿಗೆ ಬಂದರು, ಬರಲಿ ಬಿಡಿ.

ಆದರೆ ಚೀಟಿಗಳ ಫೋಟೋ ತೆಗೆಯಲು ಬಿಡಲಿಲ್ಲ. ಹೆಸರಿಲ್ಲದಿದ್ದರೂ ಕೈಬರಹ ಗುರುತು ಸಿಗುತ್ತದೆ. ಡಬ್ಬಿಯ ಚೀಟಿಗಳನ್ನು ನಾವು ಯಾರೂ ನೋಡಲೇ ಇಲ್ಲ. ಇಂಟರ್ನಲ್ಸ್‌ಗೆ ಖಾಲಿ ಕೌದಿಯ ಫೋಟೋ ಮಾತ್ರ ಕೊಟ್ಟೆವು. ಅದರಿಂದ ಒಂದಿಷ್ಟು ಮಾರ್ಕ್ಸ್ ಹೋಗಿರಬಹುದು, ಹೋಗಲಿ.